ಎಡಮಗ್ಗುಲಾಗಿ ಮಲಗಿದ ವರ್ಷ

ಕುಕ್ಕರಿನ ಗ್ಯಾಸ್ಕೆಟ್ಟಿಗೆ ಹತ್ತಿದ ಹುಳಿಯ ವಾಸನೆ ಹೋಗಲೆಂದು ಕಳೆದ ವಾರ ಅದನ್ನು ಪಾತ್ರೆಯಲ್ಲಿ ನೀರು ಹಾಕಿ ಕುದಿಯಲು ಇಟ್ಟೆ. ಐದು ನಿಮಿಷಕ್ಕೆ ಅಡುಗೆಮನೆಯೆಲ್ಲ ಬೆಂದ ರಬ್ಬರಿನ ವಾಸನೆ. ಒಲೆ ಆರಿಸಿ, ಕಿಟಕಿ ತೆಗೆದು, ಸ್ಟೂಲಿನ ಮೇಲೆ ಕೂತುಬಿಟ್ಟೆ. ಅರವತ್ತೇಳು ವರ್ಷದ ಹೆಂಗಸು ಗ್ಯಾಸ್ಕೆಟ್ಟಿನ ಮುಂದೆ ಕೂತು ಕಣ್ಣೊರೆಸಿಕೊಳ್ಳುವುದನ್ನು ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ನೋಡಲು ಯಾರೂ ಇರಲಿಲ್ಲ, ಅದು ಬೇರೆ ಮಾತು.

ಆ ವಾಸನೆ ನನಗೆ ಜಯನಗರದ ಟಿ ಬ್ಲಾಕಿನ ಒಂದು ಔಟ್‌ಹೌಸಿನದು. ಎಂಬತ್ತರ ದಶಕದ ಶುರು. ಮುಂದೆ ಮಾಲೀಕರ ಮನೆ, ಹಿಂದೆ ಶೀಟು ಹೊದಿಸಿದ ಒಂದೇ ಕೋಣೆ, ನಡುವೆ ಅಂಗಳ. ಅಂಗಳದ ಒಂದು ಮೂಲೆಯಲ್ಲಿ ಬಚ್ಚಲು, ಇನ್ನೊಂದು ಮೂಲೆಯಲ್ಲಿ ಕಕ್ಕಸು. ಮಾಲೀಕರೆಂದರೆ ಶಿವಮ್ಮನವರು ಒಬ್ಬರೇ. ಗಂಡ ಹೆಡ್‌ಮಾಸ್ಟರಾಗಿ ರಿಟೈರಾಗಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಹುಬ್ಬಳ್ಳಿಯಲ್ಲಿದ್ದಳು. ‘ನಮ್ಮೋರು’ ಎಂಬ ಒಂದೇ ಕಾರಣಕ್ಕೆ ನಮ್ಮಣ್ಣ ನನ್ನನ್ನು ಅಲ್ಲಿ ಬಿಟ್ಟು ಹೋಗಲು ಒಪ್ಪಿದ್ದ. ಶಿವಮ್ಮನವರು ಮೊದಲ ದಿನವೇ ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿ, ಲಿಂಗಪೂಜೆ ದಿನಾ ಮಾಡ್ತೀಯೋ ಬರೀ ಕಟ್ಕೊಂಡಿದ್ದೀಯೋ ಎಂದು ಕೇಳಿದ್ದರು. ದಿನಾ ಮಾಡ್ತೀನಿ ಎಂದೆ. ಸುಳ್ಳಲ್ಲ. ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆ ಆಗದೆ ನಾನು ಒಂದು ಲೋಟ ನೀರು ಕುಡಿದವಳಲ್ಲ. ತಿಪಟೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಹಾಗೆ ಬೆಳೆಸಿದ್ದಳು.

ನನ್ನ ಕೆಲಸ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಈಗಿನವರಿಗೆ ಇದನ್ನು ವಿವರಿಸಿ ಹೇಳಬೇಕು. ಬೇರೆ ಊರಿಗೆ ಮಾತಾಡಬೇಕಾದರೆ ಜನ ನಮಗೆ ಫೋನು ಮಾಡಿ ಕಾಲ್ ಬುಕ್ ಮಾಡುತ್ತಿದ್ದರು. ನಾವು ಆ ಊರಿನ ಎಕ್ಸ್‌ಚೇಂಜನ್ನು ಹಿಡಿದು, ಆ ಮನೆಯ ನಂಬರು ಹಿಡಿದು, ಬೋರ್ಡಿನ ತೂತಿಗೆ ವೈರು ಚುಚ್ಚಿ ಇಬ್ಬರನ್ನೂ ಸೇರಿಸಬೇಕು. ಮೂವತ್ತು ಹುಡುಗಿಯರು ಸಾಲಾಗಿ ಕೂತು, ಕಿವಿಗೆ ಹೆಡ್‌ಸೆಟ್ಟು ಹಾಕಿಕೊಂಡು, ಇಡೀ ದಿನ ಊರೂರನ್ನು ಹೊಲಿಯುತ್ತಿದ್ದೆವು. ಬೋರ್ಡು ಬಿಟ್ಟು ಏಳುವ ಹಾಗಿಲ್ಲ. ಏಳಬೇಕಾದರೆ ಕೈ ಎತ್ತಬೇಕು. ಸೂಪರ್‌ವೈಸರು ಫಿಲೋಮಿನಾ ಮೇಡಂ ನೋಡಿ, ಬದಲಿಗೆ ಇನ್ನೊಬ್ಬಳನ್ನು ಕೂರಿಸಿದ ಮೇಲೆಯೇ ಏಳಬೇಕು. ಅದರಲ್ಲಿ ತಪ್ಪೇನಿಲ್ಲ, ಯಾರದೋ ಮನೆಯ ಸಾವು ನೋವಿನ ಸುದ್ದಿ ನಮ್ಮ ಕೈಯಲ್ಲಿರುತ್ತಿತ್ತು. ಆದರೆ ನನಗೆ ಬಂದ ಕಾಯಿಲೆಗೆ ಲೋಕದಲ್ಲಿ ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿರಲಾರದು.

ಜೂನ್ ತಿಂಗಳ ಮಳೆಯ ಜೊತೆಗೇ ಅದು ಶುರುವಾಯಿತು. ಮೊದಲು ದಿನಕ್ಕೆ ನಾಲ್ಕು ಸಲ, ಆಮೇಲೆ ಎಂಟು ಸಲ. ಹೊಟ್ಟೆ ಹಿಂಡಿದರೆ ಒಂದು ನಿಮಿಷ ತಡೆಯುವಂತಿಲ್ಲ. ಅಂಗಳದ ಕಕ್ಕಸಿಗೆ ಛತ್ರಿ ಹಿಡಿದು ಓಡಬೇಕು. ಒಂದು ದಿನ ರಕ್ತ ಕಂಡಿತು. ಮರುದಿನವೂ ಕಂಡಿತು. ಬಸ್ ಸ್ಟಾಪಿನ ಹತ್ತಿರದ ಡಾಕ್ಟರು ಕೈ ಹಿಡಿದು ನೋಡಿ, ಹೋಟೆಲ್ ಊಟ, ಆಮಶಂಕೆ ಎಂದು ಮಾತ್ರೆ ಕೊಟ್ಟರು. ನಾಲಿಗೆಯೆಲ್ಲ ತಾಮ್ರ ನೆಕ್ಕಿದ ಹಾಗೆ ಆಗುವ ಮಾತ್ರೆ. ಮೂರು ಕೋರ್ಸು ನುಂಗಿದೆ. ನಾನು ಹೋಟೆಲ್ಲಿನಲ್ಲಿ ಊಟ ಮಾಡುವವಳೇ ಅಲ್ಲ ಎಂದು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಎಕ್ಸ್‌ಚೇಂಜಿನಲ್ಲಿ ನಾನು ಕೈ ಎತ್ತುವುದು ಒಂದು ತಮಾಷೆಯಾಯಿತು. ಫಿಲೋಮಿನಾ ಮೇಡಂ ಏನೂ ಅನ್ನುತ್ತಿರಲಿಲ್ಲ, ಕನ್ನಡಕದ ಮೇಲಿಂದ ನೋಡುತ್ತಿದ್ದರು, ಅಷ್ಟೆ. ಆ ನೋಟಕ್ಕೇ ನಾನು ಸತ್ತುಹೋಗುತ್ತಿದ್ದೆ. ಬೆಳಗಿನ ಪಾಳಿ ಇದ್ದರೆ ಹಿಂದಿನ ಮಧ್ಯಾಹ್ನದಿಂದಲೇ ಊಟ ಬಿಡಲು ಕಲಿತೆ. ಬಸ್ಸಿನಲ್ಲಿ ಬಾಗಿಲ ಹತ್ತಿರವೇ ನಿಲ್ಲಲು ಕಲಿತೆ. ದಾರಿಯುದ್ದಕ್ಕೂ ಎಲ್ಲೆಲ್ಲಿ ಇಳಿದರೆ ಕಕ್ಕಸು ಸಿಗುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಯಾರಿಗೂ ಹೇಳಲಿಲ್ಲ. ಊರಿಗೆ ಹೇಳಿದ್ದರೆ ಅಣ್ಣ ಮರುದಿನವೇ ಬಂದು ಟ್ರಂಕು ಕಟ್ಟಿಸಿ ಕರೆದುಕೊಂಡು ಹೋಗುತ್ತಿದ್ದ. ಅಪ್ಪ ಇಲ್ಲದ ಮನೆ, ಅತ್ತಿಗೆಯ ಅಡುಗೆಮನೆ, ಅಲ್ಲಿ ಕಾಯಿಲೆಯವಳಾಗಿ ಕೂರುವುದೆಂದರೆ ಮುಗಿಯಿತು. ನನಗಿದ್ದದ್ದು ಆ ಬೋರ್ಡು, ಆ ಕುರ್ಚಿ, ನನ್ನದೇ ಆದ ಆ ಒಂದು ಕೋಣೆ. ಅದನ್ನು ಉಳಿಸಿಕೊಳ್ಳಬೇಕಿತ್ತು.

ಆಗಸ್ಟಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಸಿಕ್ಕಿದ ಡಾಕ್ಟರು ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ಮೂರು ದಿನ ಮಲಪರೀಕ್ಷೆಗೆ ಕೊಡಿಸಿದರು. ಆಮಶಂಕೆಯ ಹುಳ ಇಲ್ಲವೆಂದು ಖಾತ್ರಿಯಾಗದೆ ಮುಂದಿನ ಔಷಧಿ ಕೊಡುವುದು ಅಪಾಯ, ಒಳಗೆ ಹುಳ ಇದ್ದರೆ ಅದು ಮೈಮೇಲೆ ಬಂದುಬಿಡುತ್ತದೆ ಎಂದರು. ಆಮೇಲೆ ಒಂದು ಕೊಳವೆ ಹಾಕಿ ಒಳಗೆ ನೋಡಿದರು. ಆ ಹತ್ತು ನಿಮಿಷವನ್ನು ನಾನು ಇಲ್ಲಿ ಬರೆಯುವುದಿಲ್ಲ. ದೊಡ್ಡ ಕರುಳಿನ ಕೊನೆಯ ಭಾಗ ಒಳಮೈಯೆಲ್ಲ ಕೆಂಪಗೆ ಊದಿ ಹುಣ್ಣಾಗಿದೆ, ಇದು ಅಂಟುಜಾಡ್ಯವಲ್ಲ, ನೀವು ತಿಂದದ್ದರಿಂದ ಬಂದದ್ದೂ ಅಲ್ಲ, ಬಂದು ಹೋಗಿ ಮಾಡುತ್ತದೆ ಎಂದರು. ಅಲ್ಸರೇಟಿವ್ ಕೊಲೈಟಿಸ್ ಎಂದು ಚೀಟಿಯ ಮೇಲೆ ಬರೆದರು. ನನ್ನದೇ ತಪ್ಪೇನೋ ಎಂದು ಮೂರು ತಿಂಗಳು ಕೊರಗಿದ್ದವಳು, ತಿಂದದ್ದರಿಂದ ಬಂದದ್ದಲ್ಲ ಎಂಬ ಆ ಒಂದು ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಈ ಕಾಯಿಲೆಗೆ ಮೊದಲು ಕೊಡುವ ಮಾತ್ರೆಯಲ್ಲಿ ಸಲ್ಫಾ ಇರುತ್ತದೆಯಂತೆ. ಸಲ್ಫಾ ಯಾವಾಗಲಾದರೂ ಆಗದೆ ಬಂದಿದೆಯೇ ಎಂದು ಕೇಳಿದರು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಯಾವುದೋ ಜ್ವರಕ್ಕೆ ಕೊಟ್ಟು ಮೈಯೆಲ್ಲ ದದ್ದೆದ್ದು, ಬಾಯಿಯ ಚರ್ಮ ಸುಲಿದು, ವಾರಗಟ್ಟಲೆ ಗಂಜಿ ಕುಡಿದು ಬದುಕಿದ್ದೆ. ಅದನ್ನು ಹೇಳಿದ ಕೂಡಲೇ ಪೆನ್ನು ಬದಲಾಯಿಸಿ ಕೆಂಪು ಶಾಯಿಯಲ್ಲಿ ನನ್ನ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದರು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ಹೇಳಿ ಎಂದರು. ಬದಲಿಗೆ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ರಕ್ತ ಸ್ವಲ್ಪ ಕಡಿಮೆಯಾಯಿತು, ಮುಖ ಮಾತ್ರ ಉಬ್ಬಿ ತೆಂಗಿನಕಾಯಿ ಆಯಿತು. ಗೌರಿಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ನನ್ನ ಗಲ್ಲ ಹಿಡಿದು ಬೆಂಗಳೂರಿನ ನೀರು ಹಿಡಿಸಿದೆ ಎಂದು ಕೇರಿಗೆಲ್ಲ ತೋರಿಸಿದಳು. ಅತ್ತಿಗೆ ಇನ್ನೆರಡು ಹೋಳಿಗೆ ಬಡಿಸಿದಳು. ನಾನು ತಿಂದು, ಹಿತ್ತಲಿಗೆ ಹೋಗಿ, ಗೋಡೆ ಹಿಡಿದು ನಿಂತೆ. ಅಮ್ಮನಿಗೆ ಅಷ್ಟು ಖುಷಿಯಾಗಿದ್ದನ್ನು ನಾನು ಅಪ್ಪ ಹೋದಮೇಲೆ ನೋಡಿರಲಿಲ್ಲ. ಹೇಗೆ ಹೇಳಲಿ?

ಮಾತ್ರೆ ನಿಲ್ಲಿಸುತ್ತ ಬಂದ ಹಾಗೆ ರಕ್ತ ಮತ್ತೆ ಶುರು. ಆಗ ಡಾಕ್ಟರು ಇನ್ನೊಂದು ದಾರಿ ಹೇಳಿದರು. ಹುಣ್ಣಿರುವುದು ಕೊನೆಯ ಒಂದು ಗೇಣು ಜಾಗದಲ್ಲಿ. ಅದಕ್ಕಾಗಿ ಇಡೀ ಮೈಗೆ ಔಷಧಿ ತುಂಬುವುದೇಕೆ, ಹುಣ್ಣಿರುವ ಕಡೆಗೇ ಔಷಧಿ ಕೊಡೋಣ ಎಂದರು. ಈಗ ಇದಕ್ಕೆಲ್ಲ ಅಂಗಡಿಯಲ್ಲಿ ಸಿದ್ಧ ಬತ್ತಿ, ಸಿದ್ಧ ಬಾಟಲಿ ಸಿಗುತ್ತದೆ. ಆಗ ನನಗೆ ಕೊಟ್ಟದ್ದು ಇಂಜೆಕ್ಷನ್ನಿನ ಪುಟ್ಟ ಸೀಸೆಯಲ್ಲಿ ಬಿಳಿ ಪುಡಿ, ಸಲೈನು ಬಾಟಲಿ, ಒಂದು ದಪ್ಪ ಗಾಜಿನ ಸಿರಿಂಜು, ಒಂದು ಕೆಂಪು ರಬ್ಬರಿನ ನಳಿಗೆ. ನಳಿಗೆಯನ್ನು, ಸಿರಿಂಜನ್ನು ಪ್ರತಿಸಲ ಕುದಿಸಬೇಕು. ಕೈ ಸೋಪಿನಲ್ಲಿ ತೊಳೆದುಕೊಳ್ಳಬೇಕು. ಪುಡಿಯನ್ನು ಸಲೈನಿನಲ್ಲಿ ಕಲಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡರೆ ಸುಡಲೂ ಬಾರದು, ತಣ್ಣಗೂ ಇರಬಾರದು.

ಉಳಿದದ್ದನ್ನು ಡಾಕ್ಟರು ನನ್ನ ಮುಖ ನೋಡದೆ ಮೇಜಿನ ಗಾಜನ್ನೇ ನೋಡುತ್ತ ಹೇಳಿದರು. ರಾತ್ರಿ ಮಲಗುವ ಹೊತ್ತಿಗೆ, ಕಕ್ಕಸಿಗೆ ಹೋಗಿ ಬಂದ ಮೇಲೆ. ಎಡಮಗ್ಗುಲಾಗಿ ಮಲಗಿ ಬಲಮಂಡಿ ಮಡಿಚಬೇಕು. ನಳಿಗೆಯ ತುದಿಗೆ ಆಸ್ಪತ್ರೆಯಲ್ಲಿ ಕೊಟ್ಟ ಜೆಲ್ಲಿ ಹಚ್ಚಿ ಮೆಲ್ಲಗೆ ಹಾಕಿಕೊಳ್ಳಬೇಕು, ಎಲ್ಲಾದರೂ ತಡೆದರೆ ಒತ್ತಬಾರದು. ಔಷಧಿಯನ್ನು ನಿಧಾನವಾಗಿ ಬಿಡಬೇಕು. ಆಮೇಲೆ ಏಳದೆ ಹಾಗೇ ನಿದ್ದೆ ಮಾಡಬೇಕು, ರಾತ್ರಿಯೆಲ್ಲ ಒಳಗೆ ನಿಂತರೆ ತುಂಬ ಒಳ್ಳೆಯದು. ಜ್ವರ ಬಂದರೆ, ಹೊಟ್ಟೆ ಉಬ್ಬಿದರೆ, ನೋವು ಜಾಸ್ತಿಯಾದರೆ, ರಕ್ತ ಹೆಚ್ಚಿದರೆ ತಡಮಾಡದೆ ಬರಬೇಕು. ಗುಣವಾಯಿತೆಂದು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು. ಎಲ್ಲಕ್ಕೂ ಹೂಂ ಸಾರ್ ಎಂದೆ. ಒಳಗೆ ಕರೆದುಕೊಂಡು ಹೋಗಿ ಸಿಸ್ಟರ್ ಒಮ್ಮೆ ಮಾಡಿ ತೋರಿಸಿದರು.

ಮನೆಗೆ ಬಂದು ಮೊದಲ ರಾತ್ರಿ ಎಲ್ಲವನ್ನೂ ಹೇಳಿದ ಹಾಗೇ ಮಾಡಿದೆ. ಮಾಡಿ ಮಲಗಿದವಳಿಗೆ ನಿದ್ದೆ ಬರಲಿಲ್ಲ. ಎದೆಯ ಮೇಲೆ ಲಿಂಗವಿದೆ. ಅಂಥದ್ದನ್ನು ಅಂಥ ಜಾಗಕ್ಕೆ ಹಾಕಿಕೊಂಡು, ಸ್ನಾನವಿಲ್ಲದೆ, ಅದನ್ನು ಒಳಗಿಟ್ಟುಕೊಂಡೇ ಲಿಂಗ ಕಟ್ಟಿಕೊಂಡು ಮಲಗುವುದೆ? ಅಜ್ಜಿಯ ಮುಖ ಕಣ್ಣಮುಂದೆ ಬಂತು. ಲಿಂಗ ತೆಗೆದಿಡುವುದಂತೂ ಆಗದ ಮಾತು, ಅದು ಪ್ರಾಣ ಹೋಗುವವರೆಗೆ ಮೈಮೇಲಿರಬೇಕು. ಎರಡನೆಯ ರಾತ್ರಿ ಔಷಧಿ ಹಾಕಿಕೊಂಡು ಅರ್ಧ ಗಂಟೆಗೇ ಎದ್ದುಹೋಗಿ ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಿದೆ. ಬಚ್ಚಲಿನ ಹಂಡೆಗೆ ಶಿವಮ್ಮನವರು ಬೆಂಕಿ ಹಾಕುತ್ತಿದ್ದದ್ದು ಬೆಳಿಗ್ಗೆ ಒಂದೇ ಹೊತ್ತು. ಸೋನೆಮಳೆ ಬೇರೆ. ಮೂರನೆಯ ದಿನ ಮೂಗು, ಗಂಟಲು ಎಲ್ಲ ಕಟ್ಟಿ ಕೂತಿತು.

ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಮೊಟಕಬೇಕು ಅನ್ನಿಸುತ್ತದೆ. ರಾತ್ರಿ ಬದಲು ಬೆಳಿಗ್ಗೆ ಐದಕ್ಕೆ ಔಷಧಿ ಹಾಕಿಕೊಳ್ಳುವುದು, ಹತ್ತು ಹದಿನೈದು ನಿಮಿಷ ಮಲಗುವುದು, ಎದ್ದು ಕಕ್ಕಸಿಗೆ ಹೋಗುವುದು, ಹಂಡೆಯ ಬಿಸಿನೀರಿನಲ್ಲಿ ಸ್ನಾನ, ಪೂಜೆ, ಬಸ್ಸು. ಔಷಧಿಗೆ ಔಷಧಿಯೂ ಆಯಿತು, ಮೈಲಿಗೆಯೂ ಹೋಯಿತು! ಔಷಧಿಯೆಲ್ಲ ಹಾಗೇ ಹೊರಗೆ ಹೋಗುತ್ತಿದೆ ಎಂಬುದು ನನಗೆ ಹೊಳೆಯಲಿಲ್ಲವೆಂದರೆ ಸುಳ್ಳಾದೀತು. ಹೊಳೆದಿತ್ತು. ಒಮ್ಮೆ ತಗುಲಿದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೂರು ವಾರವಾದ ಮೇಲೆ ಡಾಕ್ಟರು ಮತ್ತೆ ಕೊಳವೆ ಹಾಕಿ ನೋಡಿದರು. ಸ್ವಲ್ಪವೂ ಮಾಗಿರಲಿಲ್ಲ. ಸರಿಯಾಗಿ ತಗೋತಿದೀರಾ ಎಂದು ಕೇಳಿದರು. ಹೂಂ ಸಾರ್, ನೀವು ಹೇಳಿದ ಹಾಗೇ ಎಂದೆ. ಇನ್ನೂ ಮೂರು ವಾರ ನೋಡೋಣ ಎಂದರು. ಆ ಮೂರು ವಾರವೂ ಕಳೆಯಿತು. ತೂಕ ಇಳಿದಿತ್ತು, ಮೈಯಲ್ಲಿ ರಕ್ತ ಕಡಿಮೆಯಾಗಿ ಬೋರ್ಡಿನ ಮುಂದೆ ಕಣ್ಣು ಕತ್ತಲೆ ಬರುತ್ತಿತ್ತು. ಈ ಸಲ ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಔಷಧಿ ನಾಟುತ್ತಿಲ್ಲ, ಸರ್ಜನ್ ಹತ್ತಿರ ಕಳಿಸಬೇಕಾಗುತ್ತದೆ, ದೊಡ್ಡ ಕರುಳನ್ನು ತೆಗೆದು ಹೊಟ್ಟೆಯ ಪಕ್ಕದಲ್ಲಿ ಚೀಲ ಕಟ್ಟುವ ಆಪರೇಷನ್ನು, ಮುಂದಿನ ಸೋಮವಾರ ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು. ನನಗೆ ಮನೆಯವರು ಯಾರೂ ಇಲ್ಲಿಲ್ಲ ಎಂದೆ. ಊರಿನಿಂದ ಕರೆಸಿ ಎಂದರು.

ಆಸ್ಪತ್ರೆಯಿಂದ ಹೊರಗೆ ಬಂದು ಬಸ್ಸು ಹತ್ತಲಿಲ್ಲ. ಜಯನಗರದವರೆಗೂ ನಡೆದೆ, ನಡೆದು ಮನೆಯನ್ನೂ ದಾಟಿ ಜೆ.ಪಿ. ನಗರದ ಕಡೆಗೆ ಹೋದೆ. ಆಗ ಅಲ್ಲಿ ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು. ಪುಟ್ಟೇನಹಳ್ಳಿಯ ಕೆರೆಯಲ್ಲಿ ನೀರು ತುಂಬಿತ್ತು, ಎಮ್ಮೆಗಳು ಮಲಗಿದ್ದವು. ಏರಿಯ ಮೇಲೆ ಕೂತು, ನನಗೆ ಇಪ್ಪತ್ತನಾಲ್ಕು ವರ್ಷ, ನನಗೆ ಇಪ್ಪತ್ತನಾಲ್ಕೇ ವರ್ಷ ಎಂದು ಎಷ್ಟು ಸಲ ಅಂದುಕೊಂಡೆನೋ. ನಿಜ ಹೇಳಿಬಿಟ್ಟರೆ ಆಪರೇಷನ್ನು ತಪ್ಪಬಹುದಿತ್ತು. ಆದರೆ ಡಾಕ್ಟರಿಗೆ ಏನೆಂದು ಹೇಳುವುದು, ಮಡಿ ಕೆಡುತ್ತದೆ ಎಂದು ಔಷಧಿ ಚೆಲ್ಲಿದೆ ಎಂದೇ? ಆರು ವಾರ ಮುಖ ನೋಡಿ ಸುಳ್ಳು ಹೇಳಿದೆ ಎಂದೇ?

ಆ ಭಾನುವಾರ ಬಹಳ ದಿನಗಳ ಮೇಲೆ ಬಿಸಿಲು ಬಿತ್ತು. ಆರು ವಾರದಿಂದ ಆ ನಳಿಗೆಯನ್ನು ನಾನು ಕೋಣೆಯೊಳಗೇ ಒಣಗಿಸುತ್ತಿದ್ದೆ. ಮುಗ್ಗಲು ವಾಸನೆ ಬರಲು ಶುರುವಾಗಿತ್ತೆಂದು ಅಂದು ಅಂಗಳದ ತಂತಿಯ ಮೇಲೆ ಲಂಗದ ಕೆಳಗೆ ಮುಚ್ಚಿ ಹಾಕಿದೆ. ಒಂದು ಗಂಟೆಗೆ ಶಿವಮ್ಮನವರು ನನ್ನ ಬಾಗಿಲಿಗೆ ಬಂದರು. ಗಾಳಿಗೆ ಬಿದ್ದ ಲಂಗ ಒಂದು ಕೈಯಲ್ಲಿ, ಕೆಂಪು ನಳಿಗೆ ಇನ್ನೊಂದು ಕೈಯಲ್ಲಿ. ಒಳಗೆ ಬಂದು ಬಾಗಿಲು ಹಾಕಿಕೊಂಡರು.

‘ಎಷ್ಟು ತಿಂಗ್ಳು?’ ಎಂದರು.

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮದುವೆಯಾಗದ ಹುಡುಗಿ, ಊದಿದ ಮುಖ, ಮೇಲಿಂದ ಮೇಲೆ ಆಸ್ಪತ್ರೆ, ಬಟ್ಟೆಯಲ್ಲಿ ರಕ್ತದ ಕಲೆ, ಈಗ ರಬ್ಬರಿನ ನಳಿಗೆ. ಬಸುರು ಇಳಿಸಿಕೊಳ್ಳಲು ಹೆಂಗಸರು ಅಂಥದ್ದನ್ನೇ ಬಳಸಿ ಸಾಯುತ್ತಿದ್ದ ಕಾಲ ಅದು. ಪಾಪ, ಅವರು ಬೈಯಲು ಬಂದಿರಲಿಲ್ಲ. ನಾನು ಸಾಯುತ್ತೇನೆಂದು ಹೆದರಿ ಬಂದಿದ್ದರು. ನಾನು ಚಾಪೆಯ ಮೇಲೆ ಕುಸಿದು ಅಳಲು ಶುರು ಮಾಡಿದೆ. ಜೂನಿನಿಂದ ನವೆಂಬರಿನವರೆಗೆ ಅತ್ತಿರಲಿಲ್ಲ, ಎಲ್ಲ ಒಟ್ಟಿಗೆ ಬಂತು. ಅಳುತ್ತಲೇ ಎಲ್ಲ ಹೇಳಿದೆ. ಕಾಯಿಲೆ ಹೇಳಿದೆ, ಔಷಧಿ ಹೇಳಿದೆ, ಆಪರೇಷನ್ನು ಹೇಳಿದೆ. ಕೊನೆಗೆ ಬೆಳಗಿನ ಐದು ಗಂಟೆಯ ನನ್ನ ಬುದ್ಧಿವಂತಿಕೆಯನ್ನೂ ಹೇಳಿದೆ.

ಶಿವಮ್ಮನವರು ನೆಲದ ಮೇಲೆ ನನ್ನ ಎದುರಿಗೆ ಕೂತರು.

‘ಕಕ್ಕಸಿಗೆ ಹೋಗುವಾಗ ಲಿಂಗ ತೆಗೆದಿಟ್ಟು ಹೋಗ್ತೀಯಾ?’

‘ಇಲ್ಲ.’

‘ತಿಂಗ್ಳಿನ ಹೊರಗಾದಾಗ?’

‘ಇಲ್ಲ.’

‘ಮತ್ತೆ? ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಹಿರೀಕರು ಹೇಳಿದ್ದು ಯಾತಕ್ಕೆ? ಈ ಮಡಿ ಮೈಲಿಗೆಯೆಲ್ಲ ನಾವು ಅಕ್ಕಪಕ್ಕದೋರನ್ನ ನೋಡಿ ಕಲ್ತಿದ್ದು ಕಣೇ. ಬಾಯಲ್ಲಿ ಹೋದ್ರೆ ಔಷಧಿ, ಅಲ್ಲಿ ಹೋದ್ರೆ ಮೈಲಿಗೆನಾ?’

ಅವರು ನಳಿಗೆಯನ್ನು ನನ್ನ ಮಡಿಲಿಗೆ ಹಾಕಿ ಎದ್ದರು.

‘ಇದನ್ನ ಮತ್ತೆ ಕುದಿಸ್ಕೋ, ನಾನು ಮುಟ್ಟಿದ್ದೀನಿ. ನಾಳೆ ಹೋಗಿ ಆ ಡಾಕ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳು. ನಾಚಿಕೆಗೆ ಕರುಳು ಕೊಯ್ಸ್ಕೊಂಡೋಳು ಅನ್ನಿಸ್ಕೋಬೇಡ.’

ಸೋಮವಾರ ಒಬ್ಬಳೇ ಹೋದೆ. ಮನೆಯವರು ಎಲ್ಲಿ ಎಂದು ಡಾಕ್ಟರು ಕೇಳುವ ಮೊದಲೇ ಹೇಳಿಬಿಟ್ಟೆ. ನಿಂತುಕೊಂಡೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತು. ನನ್ನ ಕೊರಳಿನ ದಾರ ನೋಡಿದರು, ಕಾರ್ಡು ನೋಡಿದರು. ಎಷ್ಟು ಗಂಟೆಗೆ ತಗೋತೀರಿ, ಆಮೇಲೆ ಏನು ಮಾಡ್ತೀರಿ ಅಂತ ನಾನೂ ಕೇಳಲೇ ಇಲ್ಲ ಎಂದರು. ಸರ್ಜನ್ನಿಗೆ ಬರೆದಿದ್ದ ಚೀಟಿಯನ್ನು ಹರಿಯಲಿಲ್ಲ, ಮಡಿಚಿ ಡ್ರಾಯರಿನಲ್ಲಿಟ್ಟರು. ನಾಲ್ಕು ವಾರ. ದಿನಾ ರಾತ್ರಿ, ಸರಿಯಾಗಿ. ವಾರಕ್ಕೊಮ್ಮೆ ಬಂದು ತೋರಿಸಬೇಕು, ನಡುವೆ ಏನಾದರೂ ಹೆಚ್ಚಾದರೆ ಆವತ್ತೇ ಬಂದು ಅಡ್ಮಿಟ್ ಆಗಬೇಕು. ಒಪ್ಪಿಗೆಯೇ ಎಂದರು. ಒಪ್ಪಿಗೆ ಎಂದೆ.

ಅದೇ ವಾರ ಹುಬ್ಬಳ್ಳಿಯಿಂದ ಕಾಗದ ಬಂತು. ಶಿವಮ್ಮನವರ ಮಗಳಿಗೆ ದಿನ ತುಂಬುತ್ತಿತ್ತು, ಬಾಣಂತನಕ್ಕೆ ಕರೆ ಬಂದಿತ್ತು. ಹೋಗುವ ಮುಂಚೆ ಬಚ್ಚಲಿನ ಹಂಡೆಗೆ ಸೌದೆ ಎಲ್ಲಿದೆ ಎಂದು ತೋರಿಸಿದರು, ಬೀಗದ ಕೈ ಕೊಟ್ಟರು, ತಲೆ ಸವರಿ ಹೋದರು. ಮನೆಯ ಮುಂದಿನ ಭಾಗವೆಲ್ಲ ಕತ್ತಲೆ, ಹಿಂದಿನ ಕೋಣೆಯಲ್ಲಿ ನಾನೊಬ್ಬಳು.

ಆ ದಿನಗಳನ್ನು ಹೇಗೆ ಬರೆಯಲಿ? ಏನೂ ನಡೆಯಲಿಲ್ಲ. ಪಾಳಿ ಮುಗಿಸಿ ಬರುವುದು, ಅನ್ನ ಮೊಸರು ತಿನ್ನುವುದು, ಪಂಪ್ ಸ್ಟೌ ಮೇಲೆ ನಳಿಗೆ ಕುದಿಸುವುದು. ಬೆಂದ ರಬ್ಬರಿನ ವಾಸನೆ ಕೋಣೆಯಲ್ಲಿ, ಚಾಪೆಯಲ್ಲಿ, ಸೀರೆಯಲ್ಲಿ. ಒಂಬತ್ತಕ್ಕೆ ಎಡಮಗ್ಗುಲಾಗಿ ಮಲಗಿದರೆ ಎದುರಿಗೆ ಗೋಡೆ, ಒಂದು ಗೇಣು ದೂರದಲ್ಲಿ. ಬಲಕ್ಕೆ ಹೊರಳುವಂತಿಲ್ಲ, ಏಳುವಂತಿಲ್ಲ. ಮೊದಲ ಕೆಲವು ದಿನ ಕಾಲುಗಂಟೆ ತಡೆಯಲೂ ಆಗುತ್ತಿರಲಿಲ್ಲ, ಕರುಳು ಅಷ್ಟು ರೊಚ್ಚಿಗೆದ್ದಿತ್ತು. ಉಸಿರು ಬಿಗಿಹಿಡಿದು ನೂರು ಎಣಿಸುವುದು, ಮತ್ತೆ ನೂರು. ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದುಕೊಂಡು ಮಲಗುತ್ತಿದ್ದೆ. ಯಾವುದಕ್ಕೆ ಹೆದರಿ ಓಡಿದ್ದೆನೋ ಅದನ್ನೇ ಹಿಡಿದುಕೊಂಡು. ಇಡೀ ದಿನ ಯಾರ್ಯಾರದೋ ದನಿ ಕಿವಿಯೊಳಗೆ ಹೊಕ್ಕು ಬಂದವಳಿಗೆ ಆ ಗೋಡೆಯ ಮುಂದೆ ಒಂದು ದನಿ ಬೇಕಾಗುತ್ತಿತ್ತು. ಹುಷಾರಾಗಿದ್ದೀಯಾ ಎಂದು ಯಾರಾದರೂ ಒಬ್ಬರು ಕೇಳಿದ್ದರೆ ಸಾಕಾಗಿತ್ತು. ಡಿಸೆಂಬರಿನ ಚಳಿಯಲ್ಲಿ ಶೀಟಿನ ಮೇಲೆ ಮಂಜು ಹನಿಯುವ ಸದ್ದು ಕೇಳುತ್ತ ನಿದ್ದೆ ಹೋಗುತ್ತಿದ್ದೆ.

ಎರಡನೆಯ ವಾರದಲ್ಲಿ ಅರ್ಧ ರಾತ್ರಿಯವರೆಗೆ ತಡೆಯಿತು. ಮೂರನೆಯ ವಾರ ಒಂದು ದಿನ ಬೆಳಿಗ್ಗೆಯೇ ಎಚ್ಚರವಾಯಿತು. ರಕ್ತ ದಿನಾ ಇದ್ದದ್ದು ದಿನ ಬಿಟ್ಟು ದಿನವಾಯಿತು. ನಾನು ಯಾವುದನ್ನೂ ನಂಬಲು ಹೋಗಲಿಲ್ಲ. ನಾಲ್ಕನೆಯ ವಾರದ ಕೊನೆಗೆ ಡಾಕ್ಟರು ಕೊಳವೆ ಹಾಕಿ ನೋಡಿದರು, ಸಿಸ್ಟರನ್ನೂ ಕರೆದು ತೋರಿಸಿದರು. ಡ್ರಾಯರಿನಿಂದ ಆ ಚೀಟಿ ತೆಗೆದು ಹರಿದು ಬುಟ್ಟಿಗೆ ಹಾಕಿದರು. ಔಷಧಿ ಮಾತ್ರ ನಿಲ್ಲಿಸುವ ಹಾಗಿಲ್ಲ, ದಿನ ಬಿಟ್ಟು ದಿನ ಮಾಡುತ್ತ ಮೆಲ್ಲಗೆ ಇಳಿಸೋಣ, ಇದು ಮತ್ತೆ ಬಂದರೂ ಬರಬಹುದು, ಆಗ ಮುಚ್ಚಿಡದೆ ಬನ್ನಿ ಎಂದರು.

ಸಂಕ್ರಾಂತಿಗೆ ಎರಡು ದಿನ ಇರುವಾಗ ಮಧ್ಯಾಹ್ನದ ಪಾಳಿ. ಮುಗಿದು ಎಲ್ಲರೂ ಏಳುತ್ತಿದ್ದಾಗ ಫಿಲೋಮಿನಾ ಮೇಡಂ ನನ್ನ ಹಿಂದೆ ಬಂದು ನಿಂತು, ಇವತ್ತು ನೀನು ಒಂದು ಸಲವೂ ಕೈ ಎತ್ತಲಿಲ್ಲ ಎಂದರು. ನಾನೇ ಗಮನಿಸಿರಲಿಲ್ಲ. ಪೂರ್ತಿ ಪಾಳಿ! ಏಳೆಂಟು ತಿಂಗಳಲ್ಲಿ ಮೊದಲ ಸಲ. ಕುರ್ಚಿಯಲ್ಲಿ ಹಾಗೇ ಕೂತೆ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಎದೆ ಒಡೆಯುವಷ್ಟು ಅನ್ನಿಸಿತು. ಶಿವಮ್ಮನವರು ಹುಬ್ಬಳ್ಳಿಯಲ್ಲಿ, ಅವರ ಮಗಳ ಮನೆಯಲ್ಲಿ ಫೋನಿಲ್ಲ. ಮೇಡಂ ಹತ್ತಿರ ಹೋಗಿ, ಊರಿಗೆ ಒಂದು ಕಾಲ್ ಬುಕ್ ಮಾಡಿಕೊಳ್ಳಲೇ ಎಂದು ಕೇಳಿದೆ. ಮನೆಯಲ್ಲಿ ಏನಾದರೂ ತೊಂದರೆಯೇ ಎಂದರು. ಏನೂ ಇಲ್ಲ ಎಂದೆ. ಕನ್ನಡಕದ ಮೇಲಿಂದ ನೋಡಿ ಹೂಂ ಎಂದರು.

ನಮ್ಮೂರಿನಲ್ಲಿ ಇದ್ದದ್ದು ಒಂದೇ ಫೋನು, ಕೊಬ್ಬರಿ ಮಂಡಿಯದು. ಮಂಡಿಯ ಯಜಮಾನರು ಎತ್ತಿದವರೇ, ಬೆಂಗಳೂರಿನಿಂದ ಟ್ರಂಕ್ ಎಂದು ಕೇಳಿ, ‘ಯಾರು ಹೋದ್ರವ್ವ?’ ಎಂದರು. ಯಾರೂ ಹೋಗಿಲ್ಲ, ಅಮ್ಮನ ಹತ್ತಿರ ಮಾತಾಡಬೇಕು ಎಂದೆ. ಅವರು ನಂಬಲಿಲ್ಲ. ಆಳನ್ನು ಓಡಿಸಿದರು. ಸಾವಿಗಲ್ಲದೆ ಟ್ರಂಕ್ ಬರುವ ಊರಲ್ಲ ಅದು, ಆಪರೇಟರಾಗಿ ನನಗಾದರೂ ಇದು ತಿಳಿದಿರಬೇಕಿತ್ತು. ಅಮ್ಮ ಓಡಿಬಂದದ್ದು ಫೋನಿನಲ್ಲಿ ಕೇಳುತ್ತಿತ್ತು. ಹಿಂದೆ ಅಂಗಡಿಯ ತುಂಬ ಜನ.

‘ಯಾರಿಗೇನಾಯ್ತು?’ ಅಮ್ಮನಿಗೆ ಏದುಸಿರು.

‘ಯಾರಿಗೂ ಏನೂ ಆಗಿಲ್ಲಮ್ಮ. ನಾನು ಚೆನ್ನಾಗಿದ್ದೀನಿ. ಅದನ್ನೇ ಹೇಳೋಣ ಅಂತ.’

ಅಮ್ಮ ಬೈಯುತ್ತಾಳೆ ಎಂದುಕೊಂಡೆ. ಚೆನ್ನಾಗಿದ್ದೀನಿ ಅಂತ ಹೇಳೋಕೆ ಟ್ರಂಕಾ ಎಂದು ಕೇಳುತ್ತಾಳೆ ಎಂದುಕೊಂಡೆ. ಲೈನಿನಲ್ಲಿ ಬರೀ ಗುಂಯ್ ಎನ್ನುವ ಸದ್ದು. ಲೈನು ಕಡಿದುಹೋಯಿತೇನೋ ಎಂದು ವೈರು ಮುಟ್ಟಿ ನೋಡಿದೆ.

‘ಏನಾಗಿತ್ತು ನಿಂಗೆ?’ ಎಂದಳು ಅಮ್ಮ.

ಪಕ್ಕದ ಬೋರ್ಡುಗಳಲ್ಲಿ ಮುಂದಿನ ಪಾಳಿಯ ಹುಡುಗಿಯರು ಬಂದು ಕೂತಿದ್ದರು. ಆ ಕಡೆ ಮಂಡಿಯ ಜನ. ನಾನು ದನಿ ತಗ್ಗಿಸಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿತ್ತು, ದಿನಾ ರಕ್ತ ಹೋಗುತ್ತಿತ್ತು, ಜೂನಿನಿಂದ. ಗೌರಿಹಬ್ಬಕ್ಕೆ ಬಂದಾಗಲೂ ಇತ್ತು. ಕೆಳಗಿನಿಂದ ಔಷಧಿ ಹಾಕಿಕೊಳ್ಳುತ್ತಿದ್ದೆ, ನಾನೇ ತಪ್ಪು ಮಾಡಿದೆ, ಆಪರೇಷನ್ನಿನವರೆಗೂ ಹೋಗಿತ್ತು, ಈಗ ಮಾಗಿದೆ, ಆಪರೇಷನ್ ಬೇಡವಂತೆ ಎಂದೆ. ಪಕ್ಕದ ಹುಡುಗಿಯರು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

‘ಜೊತೇಲಿ ಯಾರಿದ್ರು?’

‘ಯಾರೂ ಇರ್ಲಿಲ್ಲಮ್ಮ.’

ಅಮ್ಮ ಅಳಲು ಶುರು ಮಾಡಿದಳು. ಮಂಡಿಯ ಅಷ್ಟು ಜನರ ಮುಂದೆ, ಬಾಯಿಬಿಟ್ಟು, ಜೋರಾಗಿ. ಸಮಾಧಾನ ಮಾಡಬೇಕಿತ್ತು, ಮಾಡಲಿಲ್ಲ. ಹೆಡ್‌ಸೆಟ್ಟನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡೆ.